ಊರಿನ ಸದ್ದಿಗೆ ಊರವರದೇ ಕಿವಿ: ಏನಿದು ಆಲಿಕೆಯ ನಡಿಗೆ?

ಬೆಂಗಳೂರು: ಕೃಷ್ಣರಾಜಪುರ ದಾಟಿ ಹೊಸಕೋಟೆಯ ಕಡೆಗೆ ಹೊರಟರೆ ಇನ್ನೂ ಹೊಲ, ತೋಟ, ಕೊಳವೆಬಾವಿ ಉಳಿಸಿಕೊಂಡಿರುವ ಹಳ್ಳಿಗಳು ಸಿಗುತ್ತವೆ. ಅಂಥದೊಂದು ಹಳ್ಳಿಯಲ್ಲಿ ನಡುರಾತ್ರಿ ಒಮ್ಮೆಲೇ ನಾಲ್ಕೂ ದಿಕ್ಕಿನಿಂದ ಪಂಪ್‌ಸೆಟ್‌ಗಳು ಗುಂಯ್‌ಗುಡತೊಡಗುತ್ತವೆ. ನಗರದಿಂದ ಬಂದು ನೆಂಟರ ಮನೆಯಲ್ಲಿ ಮಲಗಿದವರಿಗೆ ಅದು ನಿದ್ದೆಗೆಡಿಸುವ ಮೋಟಾರಿನ ಸದ್ದು. ಪಕ್ಕದಲ್ಲೇ ಮಲಗಿದ ರೈತನಿಗೆ ಅದು ಸುದ್ದಿ. ತ್ರೀ ಫೇಸ್ ವಿದ್ಯುತ್ ಬಂದಿದೆ, ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳು ತಾವಾಗಿ ಚಾಲೂ ಆಗಿವೆ, ಈಗಲೇ ಎದ್ದು ಹೋಗಿ ಗೇಟ್‌ವಾಲ್ವ್ ತಿರುಗಿಸದಿದ್ದರೆ ನೀರು ಬೇರೆ ಪಾತಿಗೆ ಹರಿಯುತ್ತದೆ ಎಂಬಿಷ್ಟೂ ಆ ಒಂದು ಸದ್ದಿನಲ್ಲಿದೆ. ಎಷ್ಟೋ ಬಾರಿ ಆತ ಸದ್ದಿನಿಂದಲ್ಲ, ಸದ್ದು ನಿಂತಿದ್ದರಿಂದ ಎಚ್ಚರಗೊಳ್ಳುತ್ತಾನೆ. ಮೋಟಾರು ನಿಂತಿತೆಂದರೆ ಕರೆಂಟು ಹೋಯಿತು, ಇಲ್ಲವೇ ಬಾವಿ ಬತ್ತಿತು ಎಂದರ್ಥ.

ಒಂದೇ ಸದ್ದು ಒಬ್ಬರಿಗೆ ಗದ್ದಲ, ಇನ್ನೊಬ್ಬರಿಗೆ ಸೂಚನೆ. ಈ ಅಂತರವನ್ನು ಕಾಲ್ನಡಿಗೆಯಲ್ಲಿ ಅರಿಯುವ ಕ್ರಮವೊಂದು ಕಳೆದ ಅರ್ಧ ಶತಮಾನದಲ್ಲಿ ರೂಪುಗೊಂಡಿದೆ. ಇಂಗ್ಲಿಷಿನಲ್ಲಿ ‘ಸೌಂಡ್‌ವಾಕ್’ ಎಂದು ಹೆಸರಾದ ಇದನ್ನು ಕನ್ನಡದಲ್ಲಿ ‘ಆಲಿಕೆಯ ನಡಿಗೆ’ ಎನ್ನಬಹುದು. ಕೆಲವರು ಕೂಡಿ, ಮಾತನಾಡದೆ, ಗೊತ್ತುಪಡಿಸಿದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತ ಕಿವಿಗೆ ಬಿದ್ದುದನ್ನೆಲ್ಲ ಗಮನಿಸುವುದು, ನಡಿಗೆ ಮುಗಿದ ಬಳಿಕ ಕುಳಿತು ಕೇಳಿದ್ದನ್ನು ಹಂಚಿಕೊಳ್ಳುವುದು ಇದರ ಸರಳ ರೂಪ. ಧ್ವನಿಮುದ್ರಣ ಯಂತ್ರ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಊರಿನವರನ್ನೇ ದಾರಿ ತೋರುವವರನ್ನಾಗಿ, ಧ್ವನಿ ಆಯುವವರನ್ನಾಗಿ, ವಿವರಿಸುವವರನ್ನಾಗಿ ಮಾಡಿಕೊಂಡರೆ ಅದು ಸಹಭಾಗಿತ್ವದ ನಡಿಗೆಯಾಗುತ್ತದೆ.

ಕೈಮೇಲಿನ ಮುದ್ರೆಯಿಂದ ಶುರುವಾದದ್ದು

1966ರಲ್ಲಿ ನ್ಯೂಯಾರ್ಕಿನ ಸಂಗೀತಗಾರ ಮ್ಯಾಕ್ಸ್ ನ್ಯೂಹೌಸ್ ಸಂಗೀತ ಕೇಳಲು ಬಂದ ಸ್ನೇಹಿತರ ಕೈಮೇಲೆ ‘ಆಲಿಸಿ’ ಎಂಬ ರಬ್ಬರ್ ಮುದ್ರೆಯೊತ್ತಿ, ಸಭಾಂಗಣದ ಬದಲು ಬೀದಿಗೆ ಕರೆದೊಯ್ದರು. ಬೀದಿಯ ಸದ್ದೇ ಆ ದಿನದ ಕಛೇರಿಯಾಯಿತು. ಕೆಲವೇ ವರ್ಷಗಳಲ್ಲಿ ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರಿ ಶೇಫರ್, ವ್ಯಾಂಕೂವರ್ ಬಳಿಯ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದಲ್ಲಿ ‘ವರ್ಲ್ಡ್ ಸೌಂಡ್‌ಸ್ಕೇಪ್ ಪ್ರಾಜೆಕ್ಟ್’ ಆರಂಭಿಸಿ ಈ ಹವ್ಯಾಸಕ್ಕೊಂದು ಶಾಸ್ತ್ರದ ರೂಪ ಕೊಟ್ಟರು. 1977ರಲ್ಲಿ ಪ್ರಕಟವಾದ ಅವರ ‘ದಿ ಟ್ಯೂನಿಂಗ್ ಆಫ್ ದಿ ವರ್ಲ್ಡ್’ ಕೃತಿ ಈ ಕ್ಷೇತ್ರದ ಆಧಾರಗ್ರಂಥ. ಶೇಫರ್ 2021ರಲ್ಲಿ ನಿಧನರಾದರು. ಅವರ ಜನ್ಮದಿನವಾದ ಜುಲೈ 18ನ್ನು 2010ರಿಂದ ‘ವಿಶ್ವ ಆಲಿಕೆಯ ದಿನ’ವಾಗಿ ಹಲವು ದೇಶಗಳಲ್ಲಿ ಆಚರಿಸಲಾಗುತ್ತಿದೆ.

ಶೇಫರ್ ಮಾಡಿದ ಮೂರು ವಿಂಗಡಣೆಗಳನ್ನು ಇಲ್ಲಿ ತಿಳಿದಿರುವುದು ಉಪಯುಕ್ತ. ಸಂಗೀತಕ್ಕೆ ಶ್ರುತಿ ಇದ್ದಂತೆ ಒಂದು ಊರಿಗೆ ಸದಾ ಹಿನ್ನೆಲೆಯಾಗಿ ಇರುವ, ಯಾರೂ ಬೇರೆಯಾಗಿ ಗಮನಿಸದ ಸದ್ದು ಮೊದಲನೆಯದು. ಕಡಲೂರಿಗೆ ಅಲೆ, ಮಹಾನಗರಕ್ಕೆ ವಾಹನ. ಗಂಟೆ, ಸೈರನ್, ಹಾರನ್‌ಗಳಂತೆ ಬೇಕೆಂದೇ ಗಮನ ಸೆಳೆಯುವ ‘ಸಂಕೇತ ಧ್ವನಿ’ ಎರಡನೆಯದು. ಒಂದು ಊರಿಗೇ ವಿಶಿಷ್ಟವಾದ, ಊರಿನ ಗುರುತಾಗಿ ನಿಂತ ‘ಹೆಗ್ಗುರುತು ಧ್ವನಿ’ ಮೂರನೆಯದು. ವಿಂಗಡಣೆ ಅಚ್ಚುಕಟ್ಟಾಗಿದೆಯಾದರೂ ಯಾವ ಸದ್ದು ಯಾವ ಗುಂಪಿಗೆ ಸೇರುತ್ತದೆ ಎಂಬುದು ಕೇಳುವವರು ಯಾರು ಎಂಬುದನ್ನು ಅವಲಂಬಿಸಿದೆ. ಮೇಲೆ ಹೇಳಿದ ಪಂಪ್‌ಸೆಟ್ಟು ಅತಿಥಿಗೆ ಮೊದಲ ಗುಂಪಿನದು, ರೈತನಿಗೆ ಎರಡನೆಯದು.

ಅದೇ ತಂಡದಲ್ಲಿದ್ದ, ಜರ್ಮನಿ ಮೂಲದ ಹಿಲ್ಡೆಗಾರ್ಡ್ ವೆಸ್ಟರ್‌ಕ್ಯಾಂಪ್ 1974ರಲ್ಲಿ ‘ಸೌಂಡ್‌ವಾಕಿಂಗ್’ ಎಂಬ ಪ್ರಬಂಧ ಬರೆದು ನಡಿಗೆಯ ಕ್ರಮವನ್ನು ನಿರೂಪಿಸಿದರು. 1978ರಲ್ಲಿ ವ್ಯಾಂಕೂವರಿನ ಸಮುದಾಯ ಬಾನುಲಿಯಲ್ಲಿ ಅದೇ ಹೆಸರಿನ ಕಾರ್ಯಕ್ರಮವನ್ನೂ ಆರಂಭಿಸಿದರು. ಭಾರತಕ್ಕೂ ಅವರಿಗೂ ನಂಟಿದೆ. 1992ರಲ್ಲಿ ದೆಹಲಿಯ ಮ್ಯಾಕ್ಸ್ ಮುಲ್ಲರ್ ಭವನದ ಆಹ್ವಾನದ ಮೇಲೆ ಬಂದು ಕಾರ್ಯಾಗಾರ ನಡೆಸಿದ ಅವರು, ದೆಹಲಿಯ ಬೀದಿ ವ್ಯಾಪಾರಿಗಳ ಕೂಗುಗಳನ್ನು ಧ್ವನಿಮುದ್ರಿಸಿಕೊಂಡು 1997ರಲ್ಲಿ ಒಂದು ಧ್ವನಿಕೃತಿಯನ್ನು ರಚಿಸಿದರು. ಹೊರಗಿನವಳಾದ ತನಗೆ ಈ ಊರಿನ ಸದ್ದು ಎಷ್ಟರಮಟ್ಟಿಗೆ ದಕ್ಕೀತು ಎಂಬ ಅಳುಕು ಆ ಕೃತಿಯ ಶೀರ್ಷಿಕೆಯಲ್ಲೇ ಇದೆ: ಬೇರೊಂದು ತಾಣದ ಸದ್ದಿನ ಮೇಲ್ಮೈಯ ಕೆಳಗೆ ಮೆಲ್ಲನೆ ಇಳಿಯುವುದು ಎಂಬುದು ಅದರ ಭಾವ.

ಐದು ಹಳ್ಳಿಗಳ ದಾಖಲೆ

ಹಳ್ಳಿಯೊಂದನ್ನು ಕಿವಿಯಿಂದ ದಾಖಲಿಸುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1975ರಲ್ಲಿ. ಶೇಫರ್ ತಂಡ ಯೂರೋಪಿನ ಐದು ಹಳ್ಳಿಗಳನ್ನು ಆರಿಸಿಕೊಂಡಿತು: ಸ್ವೀಡನ್ನಿನ ಸ್ಕ್ರೂವ್, ಜರ್ಮನಿಯ ಬಿಸ್ಸಿಂಗೆನ್, ಇಟಲಿಯ ಚೆಂಬ್ರಾ, ಫ್ರಾನ್ಸಿನ ಲೆಸ್ಕೋನಿಲ್ ಮತ್ತು ಸ್ಕಾಟ್ಲೆಂಡಿನ ಡಾಲರ್. ಚರ್ಚಿನ ಗಂಟೆ ಎಲ್ಲಿಯವರೆಗೆ ಕೇಳುತ್ತದೆ, ದಿನದ ಯಾವ ಹೊತ್ತಿನಲ್ಲಿ ಯಾವ ಸದ್ದು ಮೇಲುಗೈ ಪಡೆಯುತ್ತದೆ ಎಂಬುದನ್ನೆಲ್ಲ ನಕಾಶೆ ಮಾಡಿ 1977ರಲ್ಲಿ ಪುಸ್ತಕವಾಗಿ ಹೊರತಂದರು.

ಆ ಐದರಲ್ಲಿ ಲೆಸ್ಕೋನಿಲ್‌ನ ಸಂಗತಿ ಕುತೂಹಲಕಾರಿ. ಬ್ರಿಟನಿ ಕರಾವಳಿಯ ಈ ಮೀನುಗಾರರ ಊರಿನಲ್ಲಿ ಹೊತ್ತು ಏರಿದಂತೆ ಗಾಳಿಯ ದಿಕ್ಕು ಸೂರ್ಯನನ್ನು ಹಿಂಬಾಲಿಸಿದಂತೆ ಬದಲಾಗುತ್ತದೆ. ಆದ್ದರಿಂದ ನೆಲದ ಕಡೆಯ ಹಳ್ಳಿಗಳ ಸದ್ದು ಒಂದು ಹೊತ್ತಿನಲ್ಲಿ, ಕಡಲಿನ ಬೋಯಾ ಸದ್ದು ಇನ್ನೊಂದು ಹೊತ್ತಿನಲ್ಲಿ ತೇಲಿ ಬರುತ್ತಿತ್ತು. ದೂರದ ಯಾವ ಸದ್ದು ಕೇಳಿಸುತ್ತಿದೆ ಎಂಬುದರ ಮೇಲೆ ಅಲ್ಲಿನವರು ಹವೆಯನ್ನು ಅಂದಾಜು ಮಾಡುತ್ತಿದ್ದರು. ಈ ಲೆಕ್ಕ ಯಾವ ಮೈಕ್ರೋಫೋನಿಗೂ ತಾನಾಗಿ ದಕ್ಕುವಂಥದಲ್ಲ. ಊರವರು ಬಾಯಿಬಿಟ್ಟು ಹೇಳಿದ್ದರಿಂದಲೇ ಅದು ದಾಖಲೆಗೆ ಬಂತು. ಸುಮಾರು 25 ವರ್ಷಗಳ ಬಳಿಕ ಫಿನ್ಲೆಂಡಿನ ವಿದ್ವಾಂಸೆ ಹೆಲ್ಮಿ ಯಾರ್ವಿಲುಯೋಮಾ ನೇತೃತ್ವದ ತಂಡ ಅದೇ ಐದು ಹಳ್ಳಿಗಳಿಗೆ ಮರಳಿ, ಫಿನ್ಲೆಂಡಿನ ಇನ್ನೊಂದು ಹಳ್ಳಿಯನ್ನೂ ಸೇರಿಸಿಕೊಂಡು ಬದಲಾವಣೆಗಳನ್ನು ಗುರುತಿಸಿತು. ಹಳೆಯ ಟೇಪು, ಹಳೆಯ ನಕಾಶೆ ಎರಡೂ ಉಳಿದಿದ್ದವು. ಹಾಗಾಗಿ ಹೋಲಿಕೆ ಸಾಧ್ಯವಾಯಿತು.

ದಾಖಲೆಯಿಲ್ಲದೆ ನಗರ ಸೇರಿದ ಊರುಗಳು

ಬೆಂಗಳೂರಿನ ಪೂರ್ವ ಭಾಗಕ್ಕೆ ಅಂಥ ಹೋಲಿಕೆಯ ಭಾಗ್ಯವಿಲ್ಲ. ದಂಡು ಪ್ರದೇಶದಿಂದ ಕೃಷ್ಣರಾಜಪುರದವರೆಗಿನ ಈ ಪಟ್ಟಿಯಲ್ಲಿ ಬಹುಪಾಲು ಬಡಾವಣೆಗಳ ಹೊಟ್ಟೆಯಲ್ಲಿ ಒಂದೊಂದು ಹಳ್ಳಿಯಿದೆ. ಸೋಮೇಶ್ವರ ದೇಗುಲ ಮತ್ತು ಕೆರೆಯ ಸುತ್ತ ಬೆಳೆದ ಹಲಸೂರು 1809ರ ದಂಡು ಸ್ಥಾಪನೆಗೆ ಎಷ್ಟೋ ಮೊದಲಿನ ಊರು. ಇಂದಿರಾನಗರವೆಂದು ಇಂದು ಕರೆಯುವ ಜಾಗದಲ್ಲಿ ಬಿನ್ನಮಂಗಲ, ದೂಪನಹಳ್ಳಿ, ಮೋಟಪ್ಪನಪಾಳ್ಯ, ಲಕ್ಷ್ಮೀಪುರಗಳಿದ್ದವು. ಹೆಸರಿನ ಮಟ್ಟಿಗೆ ಈಗಲೂ ಇವೆ. ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇಗುಲದಲ್ಲಿ ತಮಿಳು ಶಾಸನಗಳಿವೆ. ಅಂದರೆ ಈ ಊರುಗಳ ಭೂದಾನದ ವಿವರ ಕಲ್ಲಿನಲ್ಲಿ ಉಳಿದಿದೆ, ಸರ್ವೆ ನಂಬರು ಕಂದಾಯ ಕಡತದಲ್ಲಿ ಉಳಿದಿದೆ, ಕಣದ ಸದ್ದು ಎಲ್ಲಿಯೂ ಉಳಿದಿಲ್ಲ.

ಸದ್ದುಗಳು ಹುಟ್ಟಿ ಅಳಿಯುವ ವೇಗವೂ ಇಲ್ಲಿ ಹೆಚ್ಚು. 1864ರ ಆಗಸ್ಟಿನಲ್ಲಿ ದಂಡು ನಿಲ್ದಾಣದಿಂದ ಜೋಲಾರಪೇಟೆಗೆ ರೈಲು ಓಡಿತು. ಅಲ್ಲಿಂದ ಮುಂದೆ ಈ ದಾರಿಯ ಹಳ್ಳಿಗಳಿಗೆ ಉಗಿಬಂಡಿಯ ಸಿಳ್ಳೆಯೇ ಗಡಿಯಾರವಾಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ ಬಂದ ಮೇಲೆ ಆ ಕೆಲಸವನ್ನು ಕಾರ್ಖಾನೆಯ ಪಾಳಿಗಳು ಹಂಚಿಕೊಂಡವು. ದೊಮ್ಮಲೂರು, ಮುರುಗೇಶಪಾಳ್ಯ, ಇಂದಿರಾನಗರಗಳಲ್ಲಿ ಬೆಳೆದವರು ಮಾತಿನ ನಡುವೆ ವಿಮಾನ ಹಾದುಹೋಗುವವರೆಗೆ ಸುಮ್ಮನಿದ್ದು, ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದನ್ನು ರೂಢಿ ಮಾಡಿಕೊಂಡಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಕಾರ್ಯಾರಂಭ ಮಾಡಿ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನ ಸಂಚಾರ ನಿಂತಾಗ ಆ ವಿರಾಮವೂ ನಿಂತಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮಗಾಂಧಿ ರಸ್ತೆಯ ನಡುವೆ ಮೆಟ್ರೋ ಓಡಿ, ಇಂದಿರಾನಗರದ ಸಿಎಂಎಚ್ ರಸ್ತೆಯ ಮನೆಗಳಿಗೆ ಎರಡನೇ ಮಹಡಿಯ ಎತ್ತರದಲ್ಲಿ ಹೊಸದೊಂದು ಶ್ರುತಿ ಸೇರಿಕೊಂಡಿತು. 2023ರ ಅಕ್ಟೋಬರಿನಲ್ಲಿ ಅದು ಕೃಷ್ಣರಾಜಪುರವನ್ನು ಮುಟ್ಟಿತು.

ಈ ಸ್ಥಿತ್ಯಂತರವನ್ನು ಧ್ವನಿಯಲ್ಲಿ ಹಿಡಿದಿಟ್ಟ ಪ್ರಯತ್ನ ಇಲ್ಲವೆಂದಲ್ಲ. ಧ್ವನಿ ಕಲಾವಿದ ಬುಧಾದಿತ್ಯ ಚಟ್ಟೋಪಾಧ್ಯಾಯ ಮೆಟ್ರೋ ಕಾಮಗಾರಿಯ ಕಾಲದಲ್ಲಿ ನಗರದಲ್ಲಿ ಮಾಡಿದ ಧ್ವನಿಮುದ್ರಣಗಳನ್ನೂ, ಇಲ್ಲಿನ ಗುಜರಿ ಮಾರುಕಟ್ಟೆಯಲ್ಲಿ ಸಿಕ್ಕ ಹಳೆಯ ಟೇಪುಗಳನ್ನೂ ಬಳಸಿ ರಚಿಸಿದ ‘ಎಲೆಜಿ ಫಾರ್ ಬ್ಯಾಂಗಲೋರ್’ ಕೃತಿಯನ್ನು ಜರ್ಮನಿಯ ಗ್ರುನ್‌ರೆಕಾರ್ಡರ್ ಸಂಸ್ಥೆ 2013ರಲ್ಲಿ ಪ್ರಕಟಿಸಿತು. ಕಲಾಕೃತಿಯಾಗಿ ಅದು ಗಮನಾರ್ಹ. ಆದರೆ ಒಬ್ಬರ ಕಿವಿಯ ಕೃತಿಯಿಂದ ಊರಿನ ದಾಖಲೆಯ ಕೆಲಸವನ್ನು ನಿರೀಕ್ಷಿಸುವುದು ಸರಿಯಲ್ಲ.

ನಗರದಲ್ಲಿ ಸದ್ದಿನ ಬಗ್ಗೆ ಅಧಿಕೃತವಾಗಿ ಉಳಿಯುವುದು ಡೆಸಿಬೆಲ್ ಅಂಕಿಗಳು ಮಾತ್ರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40 ಎಂದು ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6 ಗಂಟೆ. ಪಬ್‌ಗಳ ಸಂಗೀತದಿಂದ ಬೇಸತ್ತ ಇಂದಿರಾನಗರದ ನಿವಾಸಿಗಳು ಹೈಕೋರ್ಟಿನವರೆಗೆ ಹೋದದ್ದು ಈ ನಿಯಮಗಳ ಬಲದಿಂದಲೇ, ಅದು ನ್ಯಾಯವೂ ಹೌದು. ಆದರೆ ಹಲಸೂರು ಸೋಮೇಶ್ವರನ ರಥೋತ್ಸವದ ಪಲ್ಲಕ್ಕಿಯ ನಾದಸ್ವರ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದ ಗಂಟೆ, ರಸೆಲ್ ಮಾರುಕಟ್ಟೆಯ ಸುತ್ತಲಿನ ಮಸೀದಿಗಳ ಆಜಾನ್, ದಖನಿ ಉರ್ದು, ತಮಿಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸುವ ತರಕಾರಿ ಕೂಗು ಇವೆಲ್ಲ ಮಾಪಕಕ್ಕೆ ಒಂದೇ ಬಗೆಯ ಅಂಕಿ. ಮಾಪಕಕ್ಕೆ ಎಷ್ಟು ಎಂಬುದು ಗೊತ್ತು, ಏನು ಎಂಬುದು ಗೊತ್ತಿಲ್ಲ.

ಬೂದಿಕೋಟೆಯವರ ಕೈಗೆ ಬಂದ ಮೈಕ್

ಊರವರೇ ತಮ್ಮ ಊರಿನ ಧ್ವನಿಯನ್ನು ಮುದ್ರಿಸಿಕೊಂಡ ನಿದರ್ಶನವೊಂದು ಇದೇ ರೈಲು ದಾರಿಯಲ್ಲಿದೆ. ದಂಡು ನಿಲ್ದಾಣದಿಂದ ಕೃಷ್ಣರಾಜಪುರ, ಮಾಲೂರು ಹಾದು ಬಂಗಾರಪೇಟೆಯಲ್ಲಿ ಇಳಿದರೆ ಕೋಲಾರ ಜಿಲ್ಲೆಯ ಬೂದಿಕೋಟೆ ಹತ್ತಿರ. ಹೈದರ್ ಅಲಿಯ ಜನ್ಮಸ್ಥಳವೆಂದು ಚರಿತ್ರೆಯ ಪುಸ್ತಕಗಳಲ್ಲಿ ಹೆಸರಾದ ಈ ಊರು, ಈ ಶತಮಾನದ ಮೊದಲ ವರ್ಷಗಳಲ್ಲಿ ಬೇರೊಂದು ಕಾರಣಕ್ಕೆ ಸುದ್ದಿಯಾಯಿತು. ಬೆಂಗಳೂರಿನ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಇಲ್ಲಿ ‘ನಮ್ಮ ಧ್ವನಿ’ ಎಂಬ ಧ್ವನಿ ಕೇಂದ್ರವನ್ನು ಕಟ್ಟಿದವು.

ಅದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತ್ತು. ಮರುವರ್ಷ ಸಮುದಾಯ ಬಾನುಲಿಗೆ ಅವಕಾಶ ಕೋರುವ ‘ಬೆಂಗಳೂರು ಘೋಷಣೆ’ ಹೊರಬಿದ್ದಿತ್ತು. ಆದರೂ ಸರ್ಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಬಾಗಿಲು ತೆರೆಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅನುಮತಿ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಗಾಳಿಯಲ್ಲಿ ಪ್ರಸಾರ ಮಾಡುವಂತಿಲ್ಲವಾದ್ದರಿಂದ ಬೂದಿಕೋಟೆಯವರು ಮೊದಲಿಗೆ ಕ್ಯಾಸೆಟ್ಟುಗಳನ್ನು ಸ್ವಸಹಾಯ ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. 2003ರಿಂದ ಟಿವಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಹರಿಸಿದರು. ಕಾನೂನು ಆಕಾಶವನ್ನು ಮುಚ್ಚಿದರೆ ಕಂಬದ ಮೇಲೆ ಹೋಗಬಹುದೆಂಬ ಈ ಜಾಣ್ಮೆ ಆ ದಿನಗಳಲ್ಲಿ ದೇಶದ ಗಮನ ಸೆಳೆದಿತ್ತು.

‘ನಮ್ಮ ಧ್ವನಿ’ಯನ್ನು ಯಾರೂ ಆಲಿಕೆಯ ನಡಿಗೆ ಎಂದು ಕರೆಯಲಿಲ್ಲ, ಅದರ ಉದ್ದೇಶ ಕೃಷಿ, ಆರೋಗ್ಯ, ಪಂಚಾಯಿತಿಯ ಮಾಹಿತಿ. ಆದರೆ ನಡಿಗೆ ಕಟ್ಟಲು ಹೊರಟವರು ಕಲಿಯಬೇಕಾದ ಮುಖ್ಯ ಪಾಠ ಅಲ್ಲಿದೆ. ಹೊರಗಿನವರು ಬಂದು ಧ್ವನಿ ಸಂಗ್ರಹಿಸಿ ಹೋಗಲಿಲ್ಲ. ಯಂತ್ರ ಊರಿನಲ್ಲೇ ಉಳಿಯಿತು, ನಡೆಸಲು ಊರವರೇ ಕಲಿತರು, ಮುದ್ರಿಸಿದ್ದನ್ನು ಮೊದಲು ಕೇಳಿದವರೂ ಊರವರೇ.

ನಡಿಗೆ ಕಟ್ಟುವ ಬಗೆ

ನಗರದ ಕಾಲೇಜು, ರಂಗತಂಡ ಅಥವಾ ಹವ್ಯಾಸಿ ಗುಂಪು ಹಳ್ಳಿಯೊಂದರಲ್ಲಿ ಇಂಥ ನಡಿಗೆ ಏರ್ಪಡಿಸಬೇಕೆಂದರೆ ಮೊದಲ ಭೇಟಿಯಲ್ಲಿ ಯಂತ್ರ ಒಯ್ಯದಿರುವುದು ಲೇಸು. ಗ್ರಾಮ ಪಂಚಾಯಿತಿಗೆ, ಶಾಲೆಗೆ, ಹಾಲಿನ ಡೇರಿಗೆ ತಿಳಿಸಿ, ಜನ ಸೇರುವ ಹೊತ್ತಿನಲ್ಲಿ ಕುಳಿತು ಮಾತನಾಡಬೇಕು. ಕೇಳಬೇಕಾದ ಪ್ರಶ್ನೆಗಳು ಸರಳ. ಬೆಳಿಗ್ಗೆ ಕಣ್ಣು ಬಿಡುವ ಮೊದಲು ಕೇಳುವ ಸದ್ದು ಯಾವುದು? ಯಾವ ಸದ್ದು ಕೇಳಿದರೆ ಎದ್ದು ಓಡುತ್ತೀರಿ? ನಿಮ್ಮ ಅಜ್ಜಿ ಕೇಳುತ್ತಿದ್ದು, ನಿಮ್ಮ ಮಗು ಕೇಳದ ಸದ್ದು ಯಾವುದು? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳು ಸಾಮಾನ್ಯವಾಗಿ ಉದ್ದವಾಗಿರುತ್ತವೆ. ಏತ, ಗಾಣ, ಒನಕೆ, ಎತ್ತಿನ ಗೆಜ್ಜೆ, ಡಂಗೂರ, ಬುಡಬುಡಿಕೆ, ಕೋಲೆ ಬಸವನ ವಾದ್ಯ ಹೀಗೆ ಪಟ್ಟಿ ಬೆಳೆಯುತ್ತದೆ.

ಎರಡನೆಯದು ದಾರಿ. ಇದು ನೋಡಲು ಸುಲಭ, ವಾಸ್ತವವಾಗಿ ಎಲ್ಲಕ್ಕಿಂತ ಕಠಿಣ. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ದೇವಸ್ಥಾನದ ಬೀದಿಯ ಹಿರಿಯರೊಬ್ಬರೇ ದಾರಿ ನಿರ್ಧರಿಸಿದರೆ ನಡಿಗೆ ಗುಡಿಯ ಗಂಟೆಯಿಂದ ಅರಳಿಕಟ್ಟೆಗೆ, ಅಲ್ಲಿಂದ ಕೆರೆ ಏರಿಗೆ ಹೋಗಿ ಮುಗಿಯುತ್ತದೆ. ಹಬ್ಬದಲ್ಲಿ ಊರನ್ನೇ ನಡುಗಿಸುವ ತಮಟೆಯನ್ನು ಹದಗೊಳಿಸುವುದು, ಬೆಂಕಿಗೆ ಹಿಡಿದು ಕಾಯಿಸಿ ಬೆರಳಿನಲ್ಲಿ ತಟ್ಟಿ ನೋಡುವುದು ಕೇರಿಯಲ್ಲಿ. ಆ ಮೆಲುಸದ್ದು ದಾರಿಯ ಹೊರಗೇ ಉಳಿಯುತ್ತದೆ. ಆದ್ದರಿಂದ ಒಂದೇ ಊರಿಗೆ ಮೂರು ನಾಲ್ಕು ದಾರಿಗಳನ್ನು ಬೇರೆಬೇರೆಯವರಿಂದ ಹೇಳಿಸುವುದು ಸೂಕ್ತ: ಹೆಂಗಸರದೊಂದು, ಶಾಲಾ ಮಕ್ಕಳದೊಂದು, ಕೇರಿಯವರದೊಂದು, ದನ ಮೇಯಿಸುವವರದೊಂದು. ಬಿಹಾರ, ಒಡಿಶಾಗಳಿಂದ ಬಂದು ಇಟ್ಟಿಗೆ ಗೂಡು, ಕಟ್ಟಡಗಳಲ್ಲಿ ದುಡಿಯುವವರು ಇರುವ ಊರಾದರೆ ಅವರನ್ನೂ ಕೇಳಬೇಕು. ಅವರ ಮೊಬೈಲಿನಲ್ಲಿ ಸಂಜೆ ಹಾಡುವ ಭೋಜಪುರಿ ಹಾಡೂ ಇಂದು ಆ ಊರಿನ ಸದ್ದೇ. ಎಲ್ಲರೂ ಎಲ್ಲ ದಾರಿಯಲ್ಲಿ ನಡೆಯಲು ಒಪ್ಪುತ್ತಾರೆಯೇ ಎಂಬುದು ಸಹ ಆ ಊರಿನ ಬಗ್ಗೆ ಒಂದು ಮಾಹಿತಿ.

ಹೊತ್ತಿನ ಆಯ್ಕೆಯೂ ಅಷ್ಟೇ ಮುಖ್ಯ. ನಗರದವರು ಹತ್ತು ಗಂಟೆಗೆ ಕಾರಿನಿಂದಿಳಿದರೆ ಹಳ್ಳಿಯ ಅರ್ಧ ಸದ್ದು ಮುಗಿದುಹೋಗಿರುತ್ತದೆ. ಡೇರಿಯ ಕ್ಯಾನುಗಳ ಢಣಢಣ ಬೆಳಗಿನ ಜಾವ ಮತ್ತು ಸಂಜೆ ಮಾತ್ರ. ನಲ್ಲಿಯಲ್ಲಿ ನೀರು ಬರುವ ಮುನ್ನ ಕೊಳವೆ ಉಸುರುವ ಸದ್ದು ಹೆಂಗಸರಿಗೆ ಗೊತ್ತು. ಕೊಡಗಳ ಸಾಲು ಅದರ ಹಿಂದೆಯೇ ಬರುತ್ತದೆ. ಕೊಯ್ಲಿನ ಕಾಲದಲ್ಲಿ ರಸ್ತೆಗೆ ಹರಡಿದ ರಾಗಿ ತೆನೆಯ ಮೇಲೆ ಲಾರಿ ಹಾದುಹೋಗುವ ಚರಚರ ಸದ್ದೇ ಈಗಿನ ಕಣದ ಸದ್ದು. ಮಳೆ ಬಿದ್ದ ರಾತ್ರಿಯ ಕಪ್ಪೆಗಳನ್ನು ಕೇಳಬೇಕೆಂದರೆ ಕೆರೆಯಲ್ಲಿ ನೀರು ಇರುವ ವರ್ಷ ಬರಬೇಕು. ಬಯಲುಸೀಮೆಯಲ್ಲಿ ಇದು ಪ್ರತಿ ವರ್ಷ ಸಿಗುವ ಅವಕಾಶವಲ್ಲ.

ನಡಿಗೆಗೆ ಎಂಟು ಹತ್ತು ಮಂದಿಯಿದ್ದರೆ ಸಾಕು. ಮುಕ್ಕಾಲು ಗಂಟೆ ಮೀರದಿರಲಿ. ಮುಂದಾಳು ಊರಿನವರೇ ಆಗಿದ್ದು, ಕೈಸನ್ನೆಯಿಂದ ನಿಲ್ಲಿಸಿ ಮುಂದಕ್ಕೆ ಕರೆದೊಯ್ಯಬೇಕು. ಮಾತನಾಡದೆ ಸಾಲಾಗಿ ನಡೆಯುವ ಗುಂಪನ್ನು ಕಂಡು ನಾಯಿಗಳು ಬೊಗಳುವುದೂ, ಮಕ್ಕಳು ಹಿಂಬಾಲಿಸಿ ನಗುವುದೂ ಖಚಿತ. ಅದನ್ನು ಅಡ್ಡಿಯೆಂದು ಭಾವಿಸದೆ ನಡಿಗೆಯ ಭಾಗವೆಂದೇ ಎಣಿಸಬೇಕು. ಮುಗಿದ ಬಳಿಕ ಜಗುಲಿಯಲ್ಲಿ ಕುಳಿತು ಪ್ರತಿಯೊಬ್ಬರೂ ಕೇಳಿದ್ದನ್ನು ಹೇಳುವಾಗ ಅವರವರ ಪದಗಳಲ್ಲೇ ಬರೆದುಕೊಳ್ಳಬೇಕು. ಕನ್ನಡದಲ್ಲಿ ಸದ್ದನ್ನು ಅನುಕರಿಸುವ ಪದಗಳ ಸಂಪತ್ತು ದೊಡ್ಡದು. ಚಟಪಟ, ಸರಸರ, ಧಡಧಡಗಳನ್ನು ವ್ಯಾಕರಣಕಾರರು ಅನುಕರಣಾವ್ಯಯ ಎಂದು ಪ್ರತ್ಯೇಕವಾಗಿಯೇ ಎಣಿಸಿದ್ದಾರೆ. ಗಾಲಿ ‘ಕಿರ್’ ಎಂದಿತೋ ‘ಗುರ್’ ಎಂದಿತೋ ಎಂಬುದರಲ್ಲಿ ಎಣ್ಣೆ ಹಾಕಿ ಎಷ್ಟು ದಿನವಾಯಿತೆಂಬ ವಿವರ ಅಡಗಿರುತ್ತದೆ.

ಧ್ವನಿಮುದ್ರಣ ಬರುವುದು ಇದಾದ ಮೇಲೆ. ಕೈಯಲ್ಲಿ ಹಿಡಿಯುವ ಡಿಜಿಟಲ್ ರೆಕಾರ್ಡರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಒಳ್ಳೆಯ ಮೊಬೈಲ್ ಫೋನ್ ಸಾಕು. ಎಂಪಿ3 ಬದಲು ಸಂಕುಚಿತಗೊಳಿಸದ ವೇವ್ ಕಡತವಾಗಿ, 48 ಕಿಲೋಹರ್ಟ್ಸ್ ಮತ್ತು 24 ಬಿಟ್‌ನಲ್ಲಿ ಉಳಿಸುವುದು ಮುಂದಿನ ದಿನಗಳಿಗೆ ಒಳಿತು. ಬಯಲಿನಲ್ಲಿ ಗಾಳಿಯೇ ದೊಡ್ಡ ವೈರಿ. ಮೈಕಿಗೆ ತುಪ್ಪಳದ ಹೊದಿಕೆ ಬೇಕು. ನಡೆಯುತ್ತ ಮುದ್ರಿಸಿದರೆ ಹೆಜ್ಜೆಯ ಸದ್ದೇ ತುಂಬುವುದರಿಂದ ಊರವರು ತೋರಿದ ಜಾಗಗಳಲ್ಲಿ ಮೂರು ನಾಲ್ಕು ನಿಮಿಷ ಅಲುಗಾಡದೆ ನಿಂತು ಮುದ್ರಿಸುವುದು ವಾಸಿ. ಹೆಡ್‌ಫೋನನ್ನು ಮೊದಲು ಹಾಕಿಕೊಳ್ಳಬೇಕಾದವರು ಊರಿನವರು. ದಿನವೂ ಕೇಳುವ ತಮ್ಮದೇ ಹಟ್ಟಿಯ ಸದ್ದು ಯಂತ್ರದ ಮೂಲಕ ಹೊಸದಾಗಿ ಕಿವಿಗೆ ಬಿದ್ದಾಗ, ಆವರೆಗೆ ‘ನಮ್ಮೂರಲ್ಲಿ ಏನಿದೆ ಸ್ವಾಮಿ’ ಎನ್ನುತ್ತಿದ್ದವರೇ ಮುಂದಿನ ಜಾಗವನ್ನು ತೋರಿಸಲು ಮುಂದಾಗುತ್ತಾರೆ.

ಹೀಗೆ ಕೂಡಿಸಿದ ಧ್ವನಿಗಳನ್ನು ಮೊಬೈಲಿನ ಜಿಪಿಎಸ್ ನೆರವಿನಿಂದ ಆಯಾ ಜಾಗಕ್ಕೆ ಹೋದಾಗಲಷ್ಟೇ ಕೇಳಿಸುವ ನಡಿಗೆಯಾಗಿ ಹೆಣೆಯಬಹುದು. 2006ರಿಂದ ನಡೆಯುತ್ತಿರುವ ‘ರೇಡಿಯೋ ಅಪೋರೀ’ಯಂಥ ಜಾಗತಿಕ ಧ್ವನಿ ನಕಾಶೆಗೆ ಸೇರಿಸಬಹುದು. ತಂತ್ರಜ್ಞಾನವನ್ನೇ ನೆಚ್ಚದ ಊರಾದರೆ ಕಾಗದದ ನಕಾಶೆ, ಒಂದು ಪೆನ್ ಡ್ರೈವ್, ಶಾಲೆಯ ಸ್ಪೀಕರ್ ಸಾಕು.

ಧ್ವನಿ ಯಾರ ಸೊತ್ತು?

ಇಲ್ಲಿ ಎಚ್ಚರ ಅಗತ್ಯ. ಕೋಗಿಲೆಯ ಕೂಗಿಗೆ ಅನುಮತಿ ಬೇಡ. ಸೋಬಾನೆ ಹಾಡಿದ ಮುದುಕಿಗೆ, ತಮಟೆ ಬಾರಿಸಿದ ಯುವಕನಿಗೆ, ಹರಕೆ ಹೊತ್ತು ಅತ್ತವರಿಗೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಹಾಡುಗಾರರು, ವಾದ್ಯಗಾರರು ಮುಂತಾದ ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ನೀಡುತ್ತದೆ. ವೇದಿಕೆ ಏರದ, ಹೆಸರಿಲ್ಲದ ಹಾಡುಗಾರ್ತಿಯೂ ಈ ಕಾಯ್ದೆಯ ಕಣ್ಣಿಗೆ ಪ್ರದರ್ಶಕಳೇ. ಒಪ್ಪಿಗೆಯನ್ನು ಕನ್ನಡದಲ್ಲೇ, ಓದಲು ಬಾರದವರಿಗೆ ಓದಿ ಹೇಳಿ, ಸಾಧ್ಯವಾದರೆ ಧ್ವನಿಯಲ್ಲೇ ದಾಖಲಿಸಿಕೊಳ್ಳಬೇಕು. ಯಾವ ಸದ್ದು ಊರಿನ ಹೊರಗೆ ಹೋಗಕೂಡದು ಎಂಬುದನ್ನೂ ಅವರೇ ಹೇಳಲಿ. ಸಾವಿನ ಮನೆಯ ಅಳು, ಗ್ರಾಮದೇವತೆಯ ಕೆಲವು ವಿಧಿಗಳು, ಮನೆಯೊಳಗಿನ ಜಗಳ ಮೈಕಿಗೆ ಬಿದ್ದರೂ ನಕಾಶೆಗೆ ಬೀಳಬೇಕಾಗಿಲ್ಲ.

ಮುದ್ರಿಕೆಯ ಒಂದು ಪ್ರತಿ ಊರಿನಲ್ಲೇ, ಶಾಲೆಯಲ್ಲೋ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೋ ಇರಬೇಕು. ಪ್ರತಿ ಕಡತದ ಜೊತೆ ದಿನಾಂಕ, ಗಂಟೆ, ನಿಂತ ಜಾಗ, ಮೈಕ್ ಯಾವ ಕಡೆಗಿತ್ತು, ದಾರಿ ಹೇಳಿದವರು ಬಯಸಿದರೆ ಅವರ ಹೆಸರು, ಆ ಸದ್ದಿಗೆ ಅವರು ಕೊಟ್ಟ ಅರ್ಥ ಇವಿಷ್ಟನ್ನು ಬರೆದಿಡಬೇಕು. ಕೊನೆಯ ಕಾಲಮು ಇಲ್ಲದಿದ್ದರೆ ಪಂಪ್‌ಸೆಟ್ಟಿನ ಮುದ್ರಿಕೆ 25 ವರ್ಷದ ಬಳಿಕ ಕೇಳುವವರಿಗೆ ಬರಿಯ ಮೋಟಾರು ಸದ್ದಾಗಿ ಉಳಿಯುತ್ತದೆ. ಹೊಸಕೋಟೆ, ಮಾಲೂರು, ಬಂಗಾರಪೇಟೆ ಕಡೆಯ ಊರುಗಳಲ್ಲಿ ಈ ಕಾಲಮನ್ನು ತುಂಬಬಲ್ಲವರು ಇನ್ನೂ ಇದ್ದಾರೆ. ಬಿನ್ನಮಂಗಲ, ದೂಪನಹಳ್ಳಿಗಳಲ್ಲಿ ಹಿಂದೆ ಕೇಳುತ್ತಿದ್ದ ಸದ್ದನ್ನು ನೆನಪಿನಿಂದ ಹೇಳಬಲ್ಲ ಹಿರಿಯರು ಅಲ್ಲಲ್ಲಿ ಉಳಿದಿದ್ದಾರೆ. ಅಲ್ಲಿನ ನಡಿಗೆಗೆ ರೆಕಾರ್ಡರ್‌ಗಿಂತ ಮೊದಲು ಬೇಕಾಗುವುದು ಅವರು ಕೂರಲು ಒಂದು ಕುರ್ಚಿ.